ಆಯಿಯ ಬಂಗಡೆ, ನನ್ನ ಬಿ.ಪಿ.

ಕರಾವಳಿಯಲ್ಲಿ ಹುಟ್ಟಿದವನಿಗೆ ಹೊಟ್ಟೆ ಒಂದೇ ಇದ್ದರೂ ಅದಕ್ಕೆ ಯಜಮಾನರು ಹಲವರು. ಸೋಮವಾರ ಮೀನು ಬೇಡ ಎನ್ನುತ್ತಾನೆ ದೇವರು. ತೊಗರಿಬೇಳೆ ಬೇಡ ಎನ್ನುತ್ತದೆ ನನ್ನ ಹೆಂಡತಿ ಸುಮನಳ ಗ್ಯಾಸ್ಟ್ರಿಕ್. ಇವರಿಬ್ಬರೊಡನೆ ಹೇಗೋ ಹೊಂದಿಕೊಂಡು ಕಾರವಾರದ ಬಾಡಿಗೆ ಮನೆಯಲ್ಲಿ ಸುಖವಾಗಿಯೇ ಇದ್ದೆ. ಹೋದ ವರ್ಷ ಮೂರನೆಯ ಯಜಮಾನರಾಗಿ ಡಾಕ್ಟರು ಬಂದರು. ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, "ಬಿ.ಪಿ. ಜಾಸ್ತಿ ಉಂಟು. ಉಪ್ಪು ಕಡಿಮೆ ಮಾಡಿ. ಉಪ್ಪಿನಕಾಯಿ, ಒಣಮೀನು ಪೂರಾ ಬಂದ್" ಎಂದರು. ಉಪ್ಪಿಗಾಗಿ ಸತ್ಯಾಗ್ರಹ ಮಾಡಿದ ಅಂಕೋಲೆಯ ಕಡೆಯವನಿಗೆ ಹೇಳುವ ಮಾತೇ ಇದು? ಊರಿನ ಹಿರಿಯರು ಲಾಠಿ ಏಟು ತಿಂದದ್ದು ನಾನು ಸಪ್ಪೆ ಸಾರು ಉಣ್ಣಲಿ ಎಂದೇ?

ನಾನು ಮುಖ ಸಿಂಡರಿಸಿಕೊಂಡು ಮನೆಗೆ ಬಂದರೆ, ನಮ್ಮ ಜೊತೆಯೇ ಇರುವ ನನ್ನ ಆಯಿ, ಅಂದರೆ ಅಮ್ಮ, ನಾನು ಸುಮನಳಿಗೆ ಮಾಡಿದ ಫೋನಿನಿಂದ ಅಷ್ಟರಲ್ಲೇ ಸುದ್ದಿ ತಿಳಿದು, ತವರೂರು ಶೆಟಗೇರಿಯ ದೇವಿಯ ದಿಕ್ಕಿಗೆ ಕೈಮುಗಿದು ನಿಂತಿದ್ದಳು. "ತಾಯೀ, ನನ್ನ ತಮನ ಬಿ.ಪಿ. ಹೋಗೂವರೆಗೆ ನಾ ಮೀನು ಮುಟ್ಟೂದಿಲ್ಲ" ಎಂದು ಹರಕೆ ಹೊತ್ತುಬಿಟ್ಟಳು. ಮಗನಾದ ನನ್ನನ್ನು ಅವಳು ಕರೆಯುವುದೇ ತಮ ಎಂದು. ಬಂಗಡೆ ಮೀನಿನ ಹುಳಿ ಇಲ್ಲದಿದ್ದರೆ ಅನ್ನ ಗಂಟಲಲ್ಲಿ ಇಳಿಯದ ಹೆಂಗಸು ಅವಳು. ಬಹಳ ಪ್ರೀತಿಯದ್ದನ್ನೇ ಬಿಟ್ಟು ಹರಕೆ ಹೊರುವುದು ನಮ್ಮಲ್ಲಿ ರೂಢಿ. ನಾನಾಗಿದ್ದರೆ ಹಾಗಲಕಾಯಿ ಬಿಡುತ್ತಿದ್ದೆ. ಆದರೆ ಹಾಗಲಕಾಯಿ ಬಿಟ್ಟವನನ್ನು ಯಾವ ದೇವರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ.

ಅಂದಿನಿಂದ ನಮ್ಮ ಮನೆಯ ಊಟ ನೋಡುವಂತಿತ್ತು. ಮೀನು ಮಾರುವವಳು ಬಾಗಿಲಿಗೆ ಬಂದರೆ ಕಿವಿರು ಎತ್ತಿ ನೋಡಿ ಚೌಕಾಶಿ ಮಾಡುವವಳು ಆಯಿಯೇ, ಹೆಚ್ಚಿ ತೊಳೆದು ಮಸಾಲೆ ಅರೆಯುವವಳೂ ಅವಳೇ. ರುಚಿ ಮಾತ್ರ ನೋಡುವಂತಿಲ್ಲ. ನನ್ನ ಪಾಲನ್ನು ಬೇರೆ ಪಾತ್ರೆಗೆ ತೆಗೆದು, ಆಮೇಲೆ ಉಳಿದದ್ದಕ್ಕೆ ಉಪ್ಪು ಹಾಕುತ್ತಿದ್ದಳು. ನನ್ನ ಬಟ್ಟಲಲ್ಲಿ ಉಪ್ಪಿಲ್ಲದ ಮೀನು, ಅವಳ ಬಟ್ಟಲಲ್ಲಿ ಮೀನಿಲ್ಲದ ಗಂಜಿ, ಜೊತೆಗೆ ಮಾವಿನ ಉಪ್ಪಿನಕಾಯಿ. ಇಬ್ಬರದ್ದೂ ಸೇರಿಸಿದರೆ ಒಂದು ಒಳ್ಳೆಯ ಊಟವಾಗುತ್ತಿತ್ತು. ಸಪ್ಪೆ ಎಂದು ಗೊಣಗಲು ಬಾಯಿ ತೆರೆದರೆ ಎದುರಿಗೆ ಅವಳ ಗಂಜಿ ಕಾಣುತ್ತಿತ್ತು. ತೆರೆದ ಬಾಯಿಗೆ ಇನ್ನೊಂದು ತುತ್ತು ಹಾಕಿಕೊಳ್ಳುತ್ತಿದ್ದೆ.

ಗುಳಿಗೆ, ಸಪ್ಪೆ ಊಟ, ಸಂಜೆ ಕಡಲತೀರದಲ್ಲಿ ನಡಿಗೆ ಎಲ್ಲ ಸೇರಿ ಬಿ.ಪಿ. ಇಳಿಯಿತು. ಡಾಕ್ಟರಲ್ಲಿಂದ ಓಡೋಡಿ ಮನೆಗೆ ಬಂದು, "ಆಯೀ, ನಾರ್ಮಲ್! ಇವತ್ತು ಬಂಗಡೆ ತಿನ್ನು" ಎಂದೆ.

"ಗುಳಿಗೆ ಬಿಟ್ಟಾಯ್ತಾ ತಮಾ?"

"ಇಲ್ಲ, ಅದು ಜೀವಮಾನವಿಡೀ ತಗೊಳ್ಳೂದು."

"ಹಾಂಗಾರೆ ಅದು ಹೋಗ್ಲಿಲ್ಲ. ಗುಳಿಗೆ ಕೆಳಗೆ ಅಡಗಿ ಕುಂತದೆ. ನಾ ಮಾತು ಕೊಟ್ಟದ್ದು ದೇವ್ರಿಗೆ, ನಿನ್ನ ಡಾಕ್ಟರಿಗಲ್ಲ."

ಬಿ.ಪಿ. ಹೋಗುವ ಕಾಯಿಲೆಯಲ್ಲ ಎಂದು ಹರಕೆ ಹೊರುವಾಗ ಅವಳಿಗೆ ಗೊತ್ತಿರಲಿಲ್ಲ. ಅಂದರೆ ಈ ಹೆಂಗಸು ಇನ್ನು ಸಾಯುವವರೆಗೂ ಮೀನು ತಿನ್ನುವುದಿಲ್ಲ, ಅದೂ ನನ್ನ ದೆಸೆಯಿಂದ! ವಿಜ್ಞಾನ ಓದಿದವನೆಂಬ ಜಂಬದಲ್ಲಿ ರಕ್ತನಾಳದ ಚಿತ್ರ ಬರೆದು ವಿವರಿಸಿದೆ. "ಚಂದ ಬರದ್ಯೋ" ಎಂದು ಎದ್ದುಹೋದಳು. ಕೊನೆಗೆ ಸುಮನ, "ನೀವಿಬ್ರೂ ಯಂತಕ್ಕೆ ಜಗಳಾಡ್ತ್ರಿ? ದೇವಿಗೇ ಕೇಳ್ವಾ" ಎಂದಳು.

ಮರುದಿನವೇ ಮೂವರೂ ಬಸ್ಸು ಹತ್ತಿ ಅಂಕೋಲೆಗೆ, ಅಲ್ಲಿಂದ ಶೆಟಗೇರಿಗೆ ಹೋದೆವು. ಪೂಜೆ ಮಾಡುವ ಗುನಗರು ಒದ್ದೆ ಮಾಡಿದ ಹೂವಿನ ಎಸಳುಗಳನ್ನು ದೇವಿಯ ಮೂರ್ತಿಯ ಎರಡೂ ಬದಿಗೆ ಅಂಟಿಸಿದರು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. "ತಾಯೀ, ಇವ್ರ ಮಗನ ಬಿ.ಪಿ. ಗುಳಿಗೆಯಿಂದ ಹಿಡಿತದಲ್ಲಿ ಅದೆ. ಇಷ್ಟಕ್ಕೆ ಹರಕೆ ಸಂದಿತು ಅಂತಾದ್ರೆ ಬಲ ಕೊಡು" ಎಂದು ಕೇಳಿಕೊಂಡರು. ಎಡಗಡೆಯ ಎಸಳು ಸಡಿಲಾಗಿ ಜೋತಾಡತೊಡಗಿತು. ಇದನ್ನೆಲ್ಲ ಮೂಢನಂಬಿಕೆ ಎಂದು ಆಫೀಸಿನಲ್ಲಿ ಭಾಷಣ ಬಿಗಿಯುವ ನಾನು, ಕಣ್ಣು ಮುಚ್ಚಿ, "ಅಮ್ಮಾ, ನನ್ನ ಆಯಿಗೆ ಮೀನು ಕೊಡು" ಎಂದು ಗೋಗರೆದೆ. ಕಣ್ಣು ಬಿಟ್ಟಾಗ ಬಲಗಡೆಯ ಎಸಳು ಕೆಳಗೆ ಬಿದ್ದಿತ್ತು. ಸುಮನ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಧೂಪದ ಹೊಗೆಯ ನೆಪದಲ್ಲಿ.

ಮಾರನೆಯ ದಿನ ಆಯಿ ಬಂಗಡೆ ತಿಂದಳು. ತಲೆಯಿಂದ ಬಾಲದವರೆಗೆ, ಮುಳ್ಳನ್ನೂ ಚೀಪಿ. ನೋಡನೋಡುತ್ತ ನನ್ನ ಹೊಟ್ಟೆ ತುಂಬಿತು. ನನ್ನ ಜೀವ ಇಷ್ಟೊಂದು ಬೆಲೆ ಬಾಳುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಸಂತೋಷದಲ್ಲಿ ಮೈಮರೆತು ಸುಮನಳ ಬಟ್ಟಲಿನ ಒಣಸಿಗಡಿ ಚಟ್ನಿಗೆ ಕೈಹಾಕಿದೆ. ಆಯಿ ತಲೆ ಎತ್ತದೆ ಹೇಳಿದಳು:

"ಮುಟ್ಟಬೇಡ ತಮಾ. ದೇವಿ ಹತ್ರ ಹೇಳಿಕಂಡು ಬಂದೆ. ನೀ ಒಣಮೀನು ತಿಂದ ದಿವಸ, ನಾ ಮತ್ತೆ ಮೀನು ಬಿಡ್ತೆ."

ಡಾಕ್ಟರ ಎದುರು ಹೂಂ ಎಂದು ಬಂದು ಹೊಳೆಯಾಚೆಯ ಸದಾಶಿವಗಡದ ಊಟದ ಅಂಗಡಿಯಲ್ಲಿ ಕೂತು ಕದ್ದು ಒಣಮೀನು ತಿನ್ನಬಹುದಿತ್ತು. ಇನ್ನು ಆ ದಾರಿಯೂ ಬಂದ್. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನಾನಂತೂ ಉಪ್ಪು ತಿನ್ನದೆಯೇ ನಿಯತ್ತಾಗಿದ್ದೇನೆ.