ಅಟ್ಟ ಹತ್ತಿದ ಕೊಲೆಗಾರ

ಕೊಲೆಗಾರರಿಗೆ ಆಶ್ರಯ ಕೊಟ್ಟವರನ್ನು ಜೈಲಿಗೆ ಹಾಕುವುದು ನಿಜವೇ ಆದರೆ, ಮೊದಲು ಒಳಗೆ ಹೋಗಬೇಕಾದವರು ನಮ್ಮ ದೊಡ್ಡಪ್ಪ. ಹನ್ನೊಂದು ದಿನ ಒಬ್ಬ ಕೊಲೆಗಾರನನ್ನು ತಮ್ಮ ಮನೆಯ ಅಟ್ಟದ ಮೇಲೆ, ಹಳೇ ಟ್ರಂಕಿನ ಹಿಂದೆ ಬಚ್ಚಿಟ್ಟಿದ್ದರು. ಸಾಕ್ಷಿ ನಾನೇ! ಅವನ ಹೆಸರು ಮಾತ್ರ ಕೇಳಬೇಡಿ. ಅದು ಗೊತ್ತಿದ್ದರೆ ನನಗೆ ಇಷ್ಟು ಸಿಟ್ಟು ಯಾಕೆ ಬರುತ್ತಿತ್ತು?

ದೊಡ್ಡಪ್ಪ ಗೌರಿಬಿದನೂರು–ಚಿಕ್ಕಬಳ್ಳಾಪುರ ರೂಟಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಬಸ್ಸಿನಿಂದ ಇನ್ನೂ ಇಳಿದಿಲ್ಲ. ದೊಡ್ಡಮ್ಮ ಸಾರು ಬಡಿಸುವಾಗ ಇನ್ನೂ ಬೇಕಿದ್ದರೆ "ರೈಟ್ ರೈಟ್", ಸಾಕಾದರೆ "ಹೋಲ್ಡಾನ್"! ಇಂಥವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಓದಬಾರದು, ಟಿವಿ ನೋಡಬಾರದು, ಕಣ್ಣಿಗೆ ನೀರು ಸೋಕಲೇಬಾರದು ಎಂದು ಹೇಳಿ, ಕಪ್ಪು ಕನ್ನಡಕ ಹಾಕಿ ಡಾಕ್ಟರು ಮನೆಗೆ ಕಳಿಸಿದರು. ಸುಮ್ಮನೆ ಕೂತ ಕಂಡಕ್ಟರ್ ಎಂದರೆ ಏನೆಂದು ದೊಡ್ಡಮ್ಮನನ್ನೇ ಕೇಳಬೇಕು. ಎರಡೇ ದಿನಕ್ಕೆ ಅವರ ಫೋನು ಬಂತು.

"ಅಮ್ಮಾ ತಾಯಿ, ಬಂದು ಏನಾದ್ರೂ ಓದಿ ಹೇಳೇ ಇವರಿಗೆ. ಇಲ್ದಿದ್ರೆ ಈ ವಯಸ್ಸಲ್ಲಿ ನಾನು ತೌರಿಗೆ ಹೊರಟೋಗ್ತೀನಿ!"

ಅಪ್ಪ ಹೋದ ಮೇಲೆ ನಮಗೆ ಹಿರಿಯರು ಎಂದರೆ ಅವರೇ. ಹೋಗದೆ ಇರಲಾಗುತ್ತದೆಯೇ? ಚಿಕ್ಕಬಳ್ಳಾಪುರದ ಪುಸ್ತಕದಂಗಡಿಯಲ್ಲಿ ಒಂದೇ ಒಂದು ಪ್ರತಿ ಉಳಿದಿದ್ದ, ಇಂಗ್ಲಿಷಿನಿಂದ ಅನುವಾದವಾದ ಹಳೇ ಪತ್ತೇದಾರಿ ಕಾದಂಬರಿಯೊಂದನ್ನು ಕೊಂಡು ಬಸ್ ಹತ್ತಿದೆ. ಕೊಲೆಗಾರ ಯಾರೆಂದು ಕೊನೇ ಪುಟದವರೆಗೂ ಗೊತ್ತಾಗುವುದಿಲ್ಲ ಎಂದು ಓದಿದವರೆಲ್ಲ ನನ್ನ ತಲೆ ಕೆಡಿಸಿದ್ದ ಪುಸ್ತಕ ಅದು. ದಾರಿಯಲ್ಲೇ ಕೊನೇ ಪುಟ ತೆಗೆದು ನೋಡಿಬಿಡಬೇಕಿತ್ತು. ಮರ್ಯಾದಸ್ಥಳಂತೆ ಸುಮ್ಮನೆ ಕೂತೆ.

"ರೈಟ್!" ಎಂದರು ದೊಡ್ಡಪ್ಪ. ನಾನು ಶುರು ಮಾಡಿದೆ. ಚಳಿ ದೇಶದ ದೊಡ್ಡ ಬಂಗಲೆ. ಯಜಮಾನನ ಹುಟ್ಟುಹಬ್ಬಕ್ಕೆ ನೆಂಟರೆಲ್ಲ ಸೇರಿದ್ದಾರೆ. ಬೆಳಗ್ಗೆ ಆಳು ಬಾಗಿಲು ತೆಗೆದರೆ, ಓದುವ ಕೋಣೆಯಲ್ಲಿ ಯಜಮಾನನ ಹೆಣ! "ಅಯ್ಯೋ ಶಿವನೇ!" ಎಂದು ಆಳು ಕಿರುಚಿದ. ಪತ್ತೇದಾರ ಬಂದ, ಎಲ್ಲರನ್ನೂ ಹಜಾರದಲ್ಲಿ ಕೂರಿಸಿದ, ಎಲ್ಲರಿಗೂ ಟೀ ಬಂತು.

"ಹೋಲ್ಡಾನ್!"

ಬೆಚ್ಚಿಬಿದ್ದು ನಿಲ್ಲಿಸಿದೆ.

"ಅಳೋದು ಬಿಟ್ಬಿಟ್ಟೆಯಲ್ಲಮ್ಮ."

"ಯಾರು ಅಳೋದು?"

"ಮನೇಲಿ ಹೆಣ ಬಿದ್ದಿದೆ. ಹೆಂಡ್ತಿ, ತಂಗಿ, ಅಳಿಯ, ಇಷ್ಟೊಂದ್ ಜನ ಇದಾರೆ. ಒಬ್ರೂ ಅಳ್ಲಿಲ್ವಾ? ಪುಟ ಅಂಟ್ಕೊಂಡಿರ್ಬೇಕು, ಸರಿಯಾಗಿ ನೋಡು."

ಪುಟ ಅಂಟಿಕೊಂಡಿರಲಿಲ್ಲ. ಹಲ್ಲು ಕಚ್ಚಿಕೊಂಡು ಮುಂದೆ ಓದಿದೆ. ಸಂಜೆ ಗಂಟೆ ಬಾರಿಸಿತು. ಎಲ್ಲರೂ ಬಟ್ಟೆ ಬದಲಿಸಿಕೊಂಡು ಊಟಕ್ಕೆ ಬಂದರು. ಸೂಪು, ಮೀನು, ಹುರಿದ ಮಾಂಸ, ಕೊನೆಗೊಂದು ಸಿಹಿ. ದೊಡ್ಡಪ್ಪ ಎದ್ದೇ ನಿಂತರು.

"ಥೂ, ಇವರ ಮನೆ ಹಾಳಾಗ! ಹೆಣ ಇನ್ನೂ ಎತ್ತಿಲ್ಲ, ಸಿಹಿ ತಿಂತಾರಾ? ಸೂತಕ ಬೇಡ್ವಾ?"

"ಅವರಿಗೆಲ್ಲಿಯ ಸೂತಕ ದೊಡ್ಡಪ್ಪ? ಅವರು ಇಂಗ್ಲಿಷ್‌ನೋರು!"

"ನನಗೇ ಹೇಳ್ಕೊಡ್ತೀಯಾ? ಆಳು ಏನಂತ ಕಿರುಚ್ದ? ಶಿವನೇ ಅಂದ್ನೋ ಇಲ್ವೋ? ಹಂಗಾದ್ರೆ ನಮ್ಮೋರೇ!"

ಅನುವಾದಕ ಮಹಾಶಯರೇ, ನೀವು ಯಾರೋ, ಎಲ್ಲಿದ್ದೀರೋ ನನಗೆ ಗೊತ್ತಿಲ್ಲ. ಆ ಚಳಿಯಲ್ಲಿ ಶಿವನನ್ನು ಕರೆತಂದು ಕೂರಿಸದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

"ಕತೆ ಕಣ್ರೀ ಅದು" ಎಂದರು ದೊಡ್ಡಮ್ಮ, ಅವರೆಕಾಯಿ ಸುಲಿಯುತ್ತ.

"ಕತೆ ಆದ್ರೆ? ಮನುಷ್ಯ ಸತ್ತಿಲ್ವಾ? ಹನ್ನೊಂದು ದಿನ ಕಳೀಲಿ. ಆಮೇಲೆ ಯಾರು ಕೊಂದ್ರು ಅಂತ ನೋಡಣ."

ಹೇಳಿದ್ದೇ ತಡ, ಪುಸ್ತಕ ಕಿತ್ತುಕೊಂಡು, ಆ ಕಪ್ಪು ಕನ್ನಡಕದಲ್ಲೇ ಏಣಿ ಹತ್ತಿ ಅಟ್ಟಕ್ಕೆ ಸೇರಿಸಿಬಿಟ್ಟರು!

ನನಗೆ ಮೈಯೆಲ್ಲ ಉರಿದುಹೋಯಿತು. ದುಡ್ಡು ನನ್ನದು, ಪುಸ್ತಕ ನನ್ನದು, ಸೂತಕ ಇವರದು! ಆಫೀಸಿನಲ್ಲಿ ಕೂತರೆ ಕಣ್ಣೆದುರಿಗೆ ಆ ಅಳಿಯನೇ ಬರುತ್ತಿದ್ದ. ಅಳಿಯನೋ, ತಂಗಿಯೋ, ಆ ಶಿವಭಕ್ತ ಆಳೋ? ಓದಿದವರನ್ನು ಕೇಳಿದರೆ ‘ನೀನೇ ಓದು’ ಎನ್ನುತ್ತಾರೆ, ಅಂಗಡಿಯಲ್ಲಿ ಕೇಳಿದರೆ ಇನ್ನೊಂದು ಪ್ರತಿ ಇಲ್ಲ. ತಡೆಯಲಾರದೆ ಫೋನ್ ಮಾಡಿದೆ.

"ದೊಡ್ಡಪ್ಪ, ಕೊನೇ ಪುಟ ಒಂದನ್ನು ದೊಡ್ಡಮ್ಮನ ಕೈಲಿ ಓದಿಸಿ, ಸಾಕು."

"ಸೂತಕದ ಮನೆಗೆ ಫೋನ್ ಮಾಡಿ ಹಿಂಗೆಲ್ಲಾ ಕೇಳ್ತೀಯಲ್ಲ, ನಾಚ್ಕೆ ಆಗಲ್ವಾ?" ಫೋನ್ ಕಟ್!

ಭಾನುವಾರ ಮತ್ತೆ ಅವರ ಮನೆಗೆ ಹೋದೆ. ಅವರು ಊಟ ಮಾಡಿ ಗೊರಕೆ ಹೊಡೆಯುತ್ತಿದ್ದಾಗ ಕಳ್ಳಿಯಂತೆ ಏಣಿ ಹತ್ತಿದೆ. ಟ್ರಂಕಿಗೆ ಕೈ ತಾಗಿತು. ಅಷ್ಟರಲ್ಲಿ ಕೆಳಗಿನಿಂದ ಸೀಟಿ! ಕಂಡಕ್ಟರ್ ಕಾಲದ ಆ ಹಳೇ ಸೀಟಿಯನ್ನು ಇನ್ನೂ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾರೆ ಪುಣ್ಯಾತ್ಮ.

"ಟಾಪ್ ಮೇಲೆ ಕೂರಂಗಿಲ್ಲ, ಇಳಿಯಮ್ಮ ಕೆಳಗೆ!"

ಕೊನೆಗೂ ಹನ್ನೊಂದನೇ ದಿನ ಬಂತು. ಅರ್ಧ ದಿನ ರಜೆ ಹಾಕಿ ಓಡಿದೆ. ಪುಸ್ತಕ ಅಟ್ಟದಿಂದ ಇಳಿದಿತ್ತು, ನಿಜ. ಆದರೆ ಎಲ್ಲಿತ್ತು ಗೊತ್ತೇ? ಹಜಾರದಲ್ಲಿ, ಮಣೆಯ ಮೇಲೆ! ಮುಂದೆ ಬಾಳೆ ಎಲೆ, ಎಲೆಯ ತುಂಬ ಅನ್ನ, ಹಿತಕಿದಬೇಳೆ ಸಾರು, ವಡೆ, ಪಾಯಸ. ಆ ಬಂಗಲೆಯ ಯಜಮಾನನಿಗೆ ಎಡೆ! ಇಷ್ಟು ದಿನ ತಡೆದಿದ್ದ ಸಿಟ್ಟೆಲ್ಲ ಒಂದೇ ಸಲಕ್ಕೆ ಹೊರಬಿತ್ತು.

"ನಿಮಗೆ ತಲೆ ಕೆಟ್ಟಿದೆಯಾ ದೊಡ್ಡಪ್ಪ? ಸತ್ತೋನು ಸತ್ತ! ಅವನನ್ನ ಕಟ್ಕೊಂಡು ಏನಾಗ್ಬೇಕು? ಕೊಂದೋನು ಯಾರು ಅನ್ನೋದು ತಾನೇ ಮುಖ್ಯ?"

ತಿರುಗಿಸಿ ಬೈಯುತ್ತಾರೆ ಎಂದುಕೊಂಡೆ. ದೊಡ್ಡಪ್ಪ ಬೈಯಲಿಲ್ಲ. ಎಲೆಯ ಮುಂದೆ ಕೂತರು.

"ಅವತ್ತೂ ಎಲ್ಲಾರೂ ಹಂಗೇ ಅಂದ್ರು ಕಣಮ್ಮ."

"ಯಾವತ್ತು?"

"ನಿಮ್ಮಪ್ಪ ಮಂಚೇನಹಳ್ಳಿ ರೋಡಲ್ಲಿ ಬಿದ್ದಿದ್ನಲ್ಲ, ಅವತ್ತು. ಯಾವ ಲಾರಿ, ನಂಬರ್ ನೋಡಿದ್ರಾ, ತಪ್ಪು ಯಾರ್ದು, ಹೆಲ್ಮೆಟ್ ಇತ್ತಾ... ಸ್ಟೇಷನ್ನಲ್ಲಿ ಅದೇ, ಆಸ್ಪತ್ರೇಲಿ ಅದೇ, ಮಣ್ಣು ಮಾಡೋ ಜಾಗದಲ್ಲೂ ಅದೇ. ನಾನೂ ದೊಡ್ಡ ಮನುಷ್ಯನ ಥರ ಎಲ್ಲಾರ್ಗೂ ಉತ್ತರ ಹೇಳ್ಕೊಂಡು ಓಡಾಡ್ದೆ. ನನ್ ತಮ್ಮ ಕಣಮ್ಮ ಅವನು. ನನ್ ಹೆಗಲ ಮೇಲೆ ಬೆಳ್ದೋನು. ಅಳ್ಬೇಕು ಅನ್ನೋದೇ ಮರ್ತೋಯ್ತು. ಆಮೇಲೆ ಅಳಣ ಅಂದ್ರೆ ಬರ್ಲೇ ಇಲ್ಲ."

ದೊಡ್ಡಪ್ಪ ಕಪ್ಪು ಕನ್ನಡಕ ತೆಗೆದು ಪಂಚೆಯ ತುದಿಗೆ ಕೈ ಹಾಕಿದರು.

"ಕಣ್ಣಿಗೆ ನೀರು ಸೋಕಬಾರದು ದೊಡ್ಡಪ್ಪ, ಡಾಕ್ಟರು ಹೇಳಿದಾರೆ" ಎಂದೆ.

"ಹೊರಗಿನ ನೀರು ಕಣಮ್ಮ ಅವರು ಹೇಳಿದ್ದು" ಎಂದರು.

ಪಂಚೆಯ ತುದಿಯಿಂದಲೇ ಕಣ್ಣೊರೆಸಿಕೊಂಡರು. ಆಮೇಲೆ ಅವರೇ ಮಣೆಯ ಮೇಲಿಂದ ಪುಸ್ತಕ ಎತ್ತಿ ನನ್ನ ಕೈಗಿಟ್ಟರು. ಕನ್ನಡಕ ಹಾಕಿಕೊಂಡು, "ರೈಟ್. ಓದು ಮಗಾ, ಅದ್ಯಾರೋ ನೋಡೇಬಿಡಣ" ಎಂದರು.

ಪುಟ ತೆರೆದೆ. ಒಂದಕ್ಷರವೂ ಕಾಣಿಸಲಿಲ್ಲ.

"ಹೋಲ್ಡಾನ್, ದೊಡ್ಡಪ್ಪ" ಎಂದೆ.