ಭಾನುವಾರದ ಪಾಸ್ಕಲ್ ಪಂಚಾಯ್ತಿ

ಯಾರ ಮನೆಯಲ್ಲೂ ಯಾರೂ ಆಡದ ಒಂದು ಭಾಷೆಯ ಬಗ್ಗೆ ನಾಲ್ಕು ಜನ ವಾರವಾರವೂ ಕುಳಿತು ಜಗಳಾಡಿದರೆ, ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತವೆ.

ಭಾಷೆಯ ಹೆಸರು ಪಾಸ್ಕಲ್. ಕಂಪ್ಯೂಟರಿಗೆ ಕೆಲಸ ಹೇಳುವ ಹಳೆಯ ಭಾಷೆ. ಅದನ್ನು ಕಲಿಸಲೆಂದೇ ನಾನು ಕುಂದಾಪುರದಿಂದ ಸಿಂಧನೂರಿನ ಕಾಲೇಜಿಗೆ ಬಂದದ್ದು. ಎರಡು ವರ್ಷ ಇದ್ದು ಹೋಗೋಣ ಎಂದುಕೊಂಡಿದ್ದೆ. ನಿವೃತ್ತಿಯಾಗಿ ತಲೆಯೆಲ್ಲ ಬೆಳ್ಳಗಾದ ಮೇಲೂ ಇಲ್ಲೇ ಇದ್ದೇನೆ. ಕಾಲೇಜುಗಳು ಪಾಸ್ಕಲ್ ಅನ್ನು ಯಾವತ್ತೋ ಕೈಬಿಟ್ಟವು, ನಾವು ನಾಲ್ವರು ಬಿಡಲಿಲ್ಲ. ನಾವೇ ಒಂದು ಸಣ್ಣ ಪಾಸ್ಕಲ್ ಕಂಪೈಲರ್ ಕಟ್ಟುತ್ತಿದ್ದೇವೆ. ಕಂಪೈಲರ್ ಎಂದರೆ, ನಾವು ಬರೆದದ್ದನ್ನು ಓದಿ, ತಪ್ಪಿದ್ದರೆ ತೋರಿಸಿ, ಸರಿಯಿದ್ದರೆ ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ತಂತ್ರಾಂಶ.

ಉಳಿದ ಮೂವರಲ್ಲಿ ಒಬ್ಬರು ಲಿಂಗಸೂಗೂರಿನ ಗಣಿತದ ಮಾಸ್ತರರು. ಭಾಷೆ ಎಂದರೆ ಅವರಿಗೆ ಶಿಸ್ತು. ಇನ್ನೊಬ್ಬ ಸಿಂಧನೂರಿನವನು, ನನ್ನ ಹಳೆಯ ವಿದ್ಯಾರ್ಥಿ, ಅಕ್ಕಿ ಗಿರಣಿಗಳಿಗೆ ಪಾಸ್ಕಲ್‌ನಲ್ಲೇ ತಂತ್ರಾಂಶ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಾನೆ. ಅವನನ್ನು ಗಿರಣಿಯವನು ಎನ್ನೋಣ. ಮೂರನೆಯವಳು ಮಸ್ಕಿಯ ಒಂದು ಗೊಬ್ಬರದ ಅಂಗಡಿ ಮನೆತನದ ಕಿರಿಯ ಸೊಸೆ. ನಮ್ಮೆಲ್ಲರಿಗಿಂತ ಚುರುಕು.

ಪ್ರತಿ ಶನಿವಾರ ಕುಂದಾಪುರದಿಂದ ತಮ್ಮ ಫೋನು ಮಾಡುತ್ತಾನೆ. "ಅಲ್ಲ್ ಎಂತ ಇತ್ತ್ ಅಕ್ಕ ನಿಂಗೆ? ಊರಿಗ್ ಬಾ" ಎನ್ನುತ್ತಾನೆ. "ನಾಳೆ ಜನ ಬರ್ತಾರೆ ಮಾರಾಯ" ಎಂದು ತಪ್ಪಿಸಿಕೊಳ್ಳುತ್ತೇನೆ. ಸುಳ್ಳೇನಲ್ಲ. ಈ ಬಿಸಿಲಿನ ಊರಿನಲ್ಲಿ ನನ್ನವರು ಅಂತ ಇರುವವರು ಭಾನುವಾರ ಬರುವ ಆ ಮೂವರೇ. ಅವರು ಬರುವುದು ನಿಂತ ವಾರ ನಾನೂ ಹೊರಡುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ.

ನಡುವೆ ಜಿಗಿಯುವುದು

ಮಾಸ್ತರರು ಲಿಂಗಸೂಗೂರಿನಲ್ಲಿ ಬಸ್ಸು ಹತ್ತುತ್ತಾರೆ, ಮಸ್ಕಿಯವಳು ಮಸ್ಕಿಯಲ್ಲಿ. ನಮ್ಮ ಮನೆಗೆ ಬರುವ ಮೊದಲೇ ಅರ್ಧ ಚರ್ಚೆ ಬಸ್ಸಿನಲ್ಲಿ ಆಗಿರುತ್ತದೆ. ಒಂದು ಭಾನುವಾರದ ವಿಷಯ 'ಗೋಟು'. ಪ್ರೋಗ್ರಾಮಿನಲ್ಲಿ ಸಾಲುಸಾಲಾಗಿ ನಡೆಯುವುದು ಬಿಟ್ಟು, ನಡುವೆಯೇ ಎಲ್ಲಿಗೆ ಬೇಕೋ ಅಲ್ಲಿಗೆ ಜಿಗಿಯಲು ಇರುವ ಅಪ್ಪಣೆ ಅದು. ಅದನ್ನು ನಮ್ಮ ಕಂಪೈಲರಿನಿಂದ ಕಿತ್ತೇ ಹಾಕಬೇಕೆಂದು ಮಾಸ್ತರರ ವಾದ.

"ಶಿಸ್ತು ಅಂದ್ರ ಏನವ್ವಾ? ಹೊಂಟ ದಾರಿ ಹಿಡದು ಹೋಗಬೇಕು, ಮುಟ್ಟೋ ಜಾಗಾ ಮುಟ್ಟಬೇಕು. ನಡುವ ಜಿಗಿಯೋದು ಮಂಗ್ಯಾನ ಕೆಲಸ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರಂತೆ. ಮಸ್ಕಿಯವಳು, "ಅವಸರಕ್ಕ ಒಮ್ಮೊಮ್ಮೆ ಬೇಕಾಗ್ತೈತ್ರೀ ಸರ" ಎಂದರೆ, "ಯಾವ ಅವಸರಕ್ಕೂ ಬ್ಯಾಡ" ಎಂದರಂತೆ.

ನಮ್ಮ ಓಣಿ ಬಸ್‌ಸ್ಟ್ಯಾಂಡಿಗಿಂತ ಬಹಳ ಮೊದಲೇ ಸಿಗುತ್ತದೆ. ಅಲ್ಲಿ ಸ್ಟಾಪಿಲ್ಲ. ಮಾಸ್ತರರು ಪ್ರತಿ ವಾರ ಕಂಡಕ್ಟರನಿಗೆ ಕೈಮುಗಿದು ಇಳಿದುಕೊಳ್ಳುತ್ತಿದ್ದರು. ಆವತ್ತೂ ಎದ್ದು ನಿಂತು, "ಸ್ವಲ್ಪ ಸ್ಲೋ ಮಾಡಸಪಾ" ಎಂದರು.

ಕಂಡಕ್ಟರ್ ಸೀಟಿ ಊದಲಿಲ್ಲ. "ಕುಂದರ್ರಿ ಸರ. ನಾನೂ ಮಸ್ಕಿಯಿಂದ ಕೇಳಾಕತ್ತೀನಿ. ನಡುವ ಜಿಗಿಯೋದು ನಿಮಗ ಶೋಭಾ ಅಲ್ಲ" ಎಂದ.

ಸ್ಟ್ಯಾಂಡಿನಿಂದ ಉರಿಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದರು. ಎರಡು ತಂಬಿಗೆ ನೀರು ಕುಡಿದರು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು, "ಅಮ್ಮಾರ, ಗೋಟು ಇರ್ಲಿ ಬಿಡ್ರಿ" ಎಂದರು.

ಕಂಪೈಲರಿನ ಮರ್ಯಾದೆ

ತಪ್ಪುಗಳನ್ನು ಇಂಗ್ಲಿಷಿನಲ್ಲಿ ಗದರುವ ಬದಲು ಕನ್ನಡದಲ್ಲೇ ಹೇಳಿದರೆ ಹೇಗೆ ಎಂಬುದು ಮಸ್ಕಿಯವಳ ಯೋಚನೆ. ಎಲ್ಲರಿಗೂ ಹಿಡಿಸಿತು. ಗಿರಣಿಯವನು ಉತ್ಸಾಹದಲ್ಲಿ ತನ್ನ ಗಿರಣಿಗಳ ತಂತ್ರಾಂಶಕ್ಕೂ ಅದನ್ನೇ ಹಾಕಿಬಿಟ್ಟ. ಏನಾದರೂ ಎಡವಟ್ಟಾದರೆ ತೆರೆಯ ಮೇಲೆ "ತಪ್ಪು ಮಾಡಿದಿ. ಮೊದಲಿಂದ ನೋಡು" ಎಂದು ಬರುತ್ತಿತ್ತು.

ಗೊರೇಬಾಳದ ಕಡೆಯ ಒಂದು ಗಿರಣಿಯ ಮುನೀಮರು ಕೆಲಸ ನಿಲ್ಲಿಸಿ ಹೊರಗೆ ಬಂದು ಕುಳಿತರಂತೆ. ವಯಸ್ಸಾದವರು. "ಮಾಲಕರ ಅಪ್ಪಾರು ಸೈತ ನನಗ ನೀ ಅಂದಿಲ್ಲ. ನಿನ್ನ ಡಬ್ಬಿ ಅಂತೈತಿ" ಎಂದು ಗಿರಣಿಯವನ ಮುಂದೆ ಕಣ್ಣಲ್ಲಿ ನೀರು ತಂದುಕೊಂಡರಂತೆ.

ಆ ಭಾನುವಾರ ನಾವು ಬೇರೇನೂ ಮಾತಾಡಲಿಲ್ಲ. ಮಾಸ್ತರರು, "ತಪ್ಪು ಅಂದ್ರ ತಪ್ಪು, ಅದಕ್ಕ ರೀ ಹಚ್ಚಿದ್ರ ಸರಿ ಆಗಂಗಿಲ್ಲ" ಎಂದರು. ಮಸ್ಕಿಯವಳು, "ಸರ, ನಾ ಕೂಡಿದ ಮನ್ಯಾಗ ಸಣ್ಣ ಸೊಸಿ ಇದ್ದೀನಿ. ತಪ್ಪು ಹೆಂಗ ತೋರಿಸಬೇಕು ಅನ್ನೋದು ನನಗ ಬಿಡ್ರಿ" ಎಂದಳು. ಬಹಳ ಹೊತ್ತು ಯೋಚಿಸಿ ಬರೆದದ್ದು ಇದು: "ತಪ್ಪಾದಂಗ ಕಾಣತೈತ್ರೀ. ಬ್ಯಾಸರ ಮಾಡ್ಕೋಬ್ಯಾಡ್ರಿ. ಪುರಸೊತ್ತು ಮಾಡ್ಕೊಂಡು ಒಂದ್ಸಲ ನೋಡ್ರಿ."

ಮುಂದಿನ ವಾರ ಗಿರಣಿಯವನು ಅಲ್ಲಿಗೆ ಹೋದಾಗ, ಬೆಳಗಿನಿಂದ ಅದೇ ಸಂದೇಶ ತೆರೆಯ ಮೇಲೆ ಹಾಗೇ ನಿಂತಿತ್ತು. ಮುನೀಮರು ನೆಲ್ಲಿನ ಚೀಲದ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.

"ಯಾಕ್ರೀ ಕಾಕಾ, ಸರಿ ಮಾಡಿಲ್ಲ?"

"ಅದ ಹೇಳೈತಲ್ಲಪ್ಪಾ, ಪುರಸೊತ್ತು ಮಾಡ್ಕೊಂಡು ನೋಡ್ರಿ ಅಂತ. ಇನ್ನೂ ಆಗಿಲ್ಲ" ಎಂದರಂತೆ.

ದೊಡ್ಡಕ್ಷರ, ಸಣ್ಣಕ್ಷರ

ಇದು ಚಿಕ್ಕದು. ಪಾಸ್ಕಲ್‌ನಲ್ಲಿ ಒಂದು ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಿರಿ, ಸಣ್ಣಕ್ಷರದಲ್ಲಿ ಬರೆಯಿರಿ, ಎರಡೂ ಒಂದೇ. ಬೇರೆ ಹಲವು ಭಾಷೆಗಳಲ್ಲಿ ಹಾಗಿಲ್ಲ. ಗಿರಣಿಯವನು, "ನಾವೂ ಬ್ಯಾರೆ ಬ್ಯಾರೆ ಮಾಡೋಣು, ಈಗಿನ ಮಂದಿಗಿ ಅದ ರೂಢಿ" ಎಂದ.

ಮಸ್ಕಿಯವಳು ಒಪ್ಪಲೇ ಇಲ್ಲ. "ದೊಡ್ಡದಕ್ಕೂ ಸಣ್ಣದಕ್ಕೂ ಒಂದ ಬೆಲಿ ಇರೋದು ಇದೊಂದ ಜಾಗಾದಾಗ. ಅದನ್ನೂ ಕೆಡಿಸಬ್ಯಾಡ್ರಿ" ಎಂದಳು.

ಮಾಸ್ತರರಿಗೆ ತುಂಬ ಸಂತೋಷವಾಯಿತು. "ಎಂಥಾ ಮಾತು ಆಡಿದಿ ತಂಗಿ! ಸಮಾನತಾ ಅಂದ್ರ ಇದು" ಎಂದು ಹೊಗಳಿದರು.

"ಹೊಗಳೋದು ಇರ್ಲಿ ಸರ. ಹೋಗುವಾಗ ಮಸ್ಕಿಯಾಗ ಇಳದು, ನಮ್ಮ ಮನಿಗಿ ಬಂದು ಮನಿ ಹಿರೇ ಸೊಸಿ, ನಮ್ಮ ದೊಡ್ಡ ನೆಗೆಣ್ಣಿ ಮುಂದ ಇದನ್ನ ಒಂದ್ಸಲ ಹೇಳ್ರಿ."

ಮಾಸ್ತರರು ಆವತ್ತು ತಡೆರಹಿತ ಬಸ್ಸು ಹಿಡಿದು ನೇರ ಲಿಂಗಸೂಗೂರಿಗೆ ಹೋದರು.

ಎಲೆ ಹಾಕುವ ಹೊತ್ತು

ಇದನ್ನು ನೆನೆದರೆ ಈಗ ನಗು ಬರುತ್ತದೆ. ಆವತ್ತು ಯಾರೂ ನಗಲಿಲ್ಲ.

ಪಾಸ್ಕಲ್‌ನಲ್ಲಿ ಒಂದು ಪದ್ಧತಿಯಿದೆ. ಕೆಲಸ ಶುರುವಾಗುವ ಮೊದಲೇ ಏನೇನು ಬೇಕು, ಯಾವುದರ ಹೆಸರೇನು, ಅದರೊಳಗೆ ಏನು ತುಂಬುತ್ತೀರಿ ಎಂದು ಮೇಲೆಯೇ ಹೇಳಿಬಿಡಬೇಕು. ಅದಕ್ಕೆ ಡಿಕ್ಲೇರ್ ಮಾಡುವುದು ಎನ್ನುತ್ತಾರೆ. ಕೆಲಸದ ನಡುವೆ ನೆನಪಾಯಿತೆಂದು ಇನ್ನೊಂದನ್ನು ಸೇರಿಸುವ ಹಾಗಿಲ್ಲ. ಬೇಕಾದಲ್ಲಿ ಸೇರಿಸಲು ಅವಕಾಶ ಕೊಡೋಣ ಎಂದ ಗಿರಣಿಯವನು.

ಮಾಸ್ತರರು ಕನ್ನಡಕ ತೆಗೆದಿಟ್ಟರು. "ಮಠದಾಗ ಪಂಕ್ತಿ ಕುಂದರೋ ಮುಂಚೆ ಎಲಿ ಹಾಕ್ತಾರೋ, ಸಾರು ಬಡಿಸಿದ ಮ್ಯಾಲ ಹಾಕ್ತಾರೋ?"

"ನಡುವ ಯಾರರ ಹಸದು ಬಂದ್ರ, ನಿನ್ನ ಹೆಸರು ಮೊದಲ ಹೇಳಿಲ್ಲ, ಎದ್ದು ನಡಿ ಅಂತಾರೇನ್ರೀ ಮಠದಾಗ? ಇನ್ನೊಂದು ಎಲಿ ಹಾಕ್ತಾರ!"

"ನೀ ಬರದದ್ದು ಓದಿದ್ರ ಯಾರು ಎಲ್ಲಿಂದ ಬಂದ್ರು ತಿಳಿಯಂಗಿಲ್ಲ."

"ನೀವು ಬರದದ್ದು ಓದಿದ್ರ, ಅನ್ನ ಬರೋದ್ರಾಗ ಹಸಿವಿ ಹೋಗಿರತೈತಿ."

ಮಾತು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗಿರಣಿಯವನು ಲ್ಯಾಪ್‌ಟಾಪ್ ಮುಚ್ಚಿ, "ನಿಮ್ಮ ಕಂಪೈಲರ್ ನೀವ ಇಟ್ಕೋರಿ. ನಾ ಬ್ಯಾರೆ ಭಾಷಾಕ್ಕ ಹೋಗ್ತೀನಿ" ಎಂದ.

"ಹೋಗಪಾ. ಎಲ್ಲಿಗಿ ಹೊಂಟಿ ಅನ್ನೋದನ್ನ ಮೊದಲ ಡಿಕ್ಲೇರ್ ಮಾಡಿ ಹೋಗು" ಎಂದರು ಮಾಸ್ತರರು.

ಅವನ ಬೈಕು ಓಣಿ ದಾಟಿದ ಸದ್ದನ್ನು ನಾವು ಮೂವರೂ ಕೇಳಿಸಿಕೊಂಡೆವು. ಮುಂದಿನ ಭಾನುವಾರ ಅವನು ಬರಲಿಲ್ಲ. ಅವನಿಲ್ಲದ ಮೇಲೆ ಜಗಳಾಡಲು ಯಾರೆಂದು ಮಾಸ್ತರರೂ ಬರಲಿಲ್ಲ. ಮಸ್ಕಿಯವಳೊಬ್ಬಳಿಗೆ ಮನೆಯಿಂದ ಹೊರಡಲು ನೆಪ ಸಿಗಲಿಲ್ಲ. ಮಾಡಿಟ್ಟ ಅವಲಕ್ಕಿ ಸಂಜೆಯವರೆಗೆ ಹಾಗೇ ಇತ್ತು. ಅದರ ಮುಂದಿನ ಶನಿವಾರ ತಮ್ಮ ಫೋನು ಮಾಡಿದಾಗ, "ಬರ್ತೇನೆ" ಎಂದುಬಿಟ್ಟೆ.

ಯಜಮಾನರು ಬಂದರು

ಪೆಟ್ಟಿಗೆ ಕಟ್ಟುತ್ತಿರುವಾಗ ಬಾಜೂ ಮನೆಯಾಕೆ ಬಟ್ಟಲಲ್ಲಿ ಶೇಂಗಾ ಚಟ್ನಿ ಹಿಡಿದು ಬಂದಳು.

"ಎಲ್ಲಿಗ್ರೀ ಅಮ್ಮಾರ?"

"ಊರಿಗೆ."

"ಯಾವಾಗ ಬರ್ತೀರಿ?"

ನಾನು ಸೀರೆ ಮಡಚುತ್ತಿದ್ದೆ. ಆಕೆಗೆ ತಿಳಿಯಿತು. "ಐತ್ವಾರದ ಮಂದಿ ಯಾಕ ಬರವಲ್ರು? ಜಗಳ ಆಡ್ಯಾರೇನು?"

"ಹೌದು."

"ಯಾರ ಸಲುವಾಗಿ?"

"ಕಂಪೈಲರ್ ಸಲುವಾಗಿ."

ಆಕೆಗೆ ಅಷ್ಟು ಸಾಕಾಯಿತು. ಗೊರೇಬಾಳದಲ್ಲಿದ್ದ ತನ್ನ ಮಾವನವರಿಗೆ ಫೋನು ಮಾಡಿದಳು. ಕಾಲುವೆ ನೀರಿನ ಪಾಳಿ, ಅಣ್ಣತಮ್ಮಂದಿರ ಪಾಲು, ಗಂಡಹೆಂಡತಿಯ ಮುನಿಸು, ಯಾವುದೇ ಇರಲಿ, ಆ ಹಿರಿಯರು ಕುಳಿತು ಬಗೆಹರಿಸುತ್ತಾರೆ. ಯಜಮಾನರು ಎಂದೇ ಸುತ್ತಿನವರು ಕರೆಯುವುದು. ಅವರು ಕರೆದಿದ್ದಾರೆ ಎಂದು ಮಸ್ಕಿಯವಳ ಮೂಲಕ ಹೇಳಿ ಕಳಿಸಿದ ಮೇಲೆ ಬರುವುದಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಮೂವರೂ ಬಂದರು. ಮಾಸ್ತರರು ಈ ಗೋಡೆಗೆ, ಗಿರಣಿಯವನು ಆ ಗೋಡೆಗೆ ಒರಗಿ ಕುಳಿತರು. ಯಜಮಾನರು ನಡುವೆ ಚಾಪೆಯ ಮೇಲೆ ಕುಳಿತು ರುಮಾಲು ಸರಿಮಾಡಿಕೊಂಡರು.

"ಹೇಳ್ರಿ ಮಾಸ್ತರ. ನಿಮ್ಮ ತಕರಾರು ಏನು?"

"ಕಂಪೈಲರ್ ಅದಾನಲ್ರೀ, ಅವ ಬಿಗಿ ಇರಬೇಕು ಅಂತ ನಾ ಅಂತೀನಿ. ಮೊದಲ ಹೇಳಲಾರದ್ದನ್ನ ನಡುವ ಹೇಳಿದ್ರ ಅವ ಒಪ್ಪಬಾರದು."

ನಮ್ಮ ನಾಲ್ವರಿಗೂ ಕಂಪೈಲರನ್ನು ಅವನು, ಇವನು ಎಂದೇ ಮಾತಾಡಿ ರೂಢಿಯಾಗಿದೆ.

"ನೀನಪಾ?"

"ಸ್ವಲ್ಪ ಹೊಂದ್ಕೊಂಡು ಹೋಗ್ಲಿ ಅಂತೀನ್ರೀ ಯಜಮಾನ್ರ. ಕಾಲ ಬದಲಾಗೇತಿ."

ಯಜಮಾನರು ತಲೆಯಾಡಿಸಿದರು. ಇದು ಅವರು ಎಷ್ಟೋ ಮನೆಗಳಲ್ಲಿ ಕೇಳಿದ್ದ ಮಾತು. "ಈಗ ಅವನ ನಡತಿ ಹೆಂಗೈತಿ?"

ಮಸ್ಕಿಯವಳು ಹೇಳಿದಳು: "ಬಾಳ ಹಟಮಾರಿ ಅದಾನ್ರೀ. ಒಂದು ಮಾತು ಹೆಚ್ಚುಕಮ್ಮಿ ಆದ್ರ ಕೆಲಸ ಬಿಟ್ಟು ಕುಂತ್ಬಿಡ್ತಾನ. ಏನು ಅಂತ ಕೇಳಿದ್ರ ನಮ್ಮ ಮ್ಯಾಲ ತಿರುಗಿ ಬೀಳ್ತಾನ."

ಯಜಮಾನರು ದನಿ ತಗ್ಗಿಸಿದರು. "ಕುಡಿತಾನೇನು?"

ಆಗ ನಮಗೆ ಗೊತ್ತಾಯಿತು. ಗಿರಣಿಯವನು ಗೋಡೆಯ ಕಡೆ ಮುಖ ತಿರುಗಿಸಿದ. ಮಾಸ್ತರರು ಕೆಮ್ಮು ಬಂದವರಂತೆ ಬಾಯಿಗೆ ಕೈ ಹಿಡಿದರು. ಮಸ್ಕಿಯವಳೊಬ್ಬಳೇ ಸೆರಗಿನ ತುದಿ ಕಚ್ಚಿ, "ಇಲ್ರೀ, ಆ ಚಟ ಒಂದಿಲ್ಲ" ಎಂದಳು.

"ವಯಸ್ಸೆಷ್ಟು ಅವನಿಗಿ?"

"ಮೂರು ವರ್ಷ ಆತ್ರೀ."

ಯಜಮಾನರು ಚಾಪೆಯಿಂದ ಅರ್ಧ ಎದ್ದರು. "ಮೂರು ವರ್ಷದ ಕೂಸಿನ ಮ್ಯಾಲ ಇಷ್ಟು ಮಂದಿ ಬಿದ್ದೀರೇನಲೇ! ಬಿಗಿ ಇರಬೇಕಂತ! ಮಾಸ್ತರಿಕಿ ಮಾಡ್ತೀರಿ, ನಾಚಿಕಿ ಬರಂಗಿಲ್ಲೇನ್ರೀ ನಿಮಗ?"

ಮಾಸ್ತರರು ಜನ್ಮದಲ್ಲಿ ಯಾರ ತಪ್ಪನ್ನೂ ತಿದ್ದದೆ ಬಿಟ್ಟವರಲ್ಲ. ಬಾಯಿ ತೆರೆದರು. ಎದುರಿನ ಗೋಡೆಗೆ ಒರಗಿದ್ದ ಗಿರಣಿಯವನ ಹೆಗಲು ಕುಣಿಯುವುದು ಕಂಡಿತು. ತೆರೆದ ಬಾಯಿ ಮುಚ್ಚಿ, "ತಪ್ಪಾತ್ರೀ ಯಜಮಾನ್ರ" ಎಂದರು. ಎರಡು ವಾರದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಆಗಲೇ.

"ಯಾರ ಹತ್ರ ಐತಿ ಆ ಕೂಸು?"

ಮೂವರೂ ಒಟ್ಟಿಗೆ ನನ್ನ ಕಡೆ ಕೈ ತೋರಿಸಿದರು.

ಯಜಮಾನರು ನನ್ನತ್ತ ತಿರುಗಿದರು. ದನಿ ಮೆತ್ತಗಾಯಿತು. "ಮತ್ತ ನೀವ್ಯಾಕ್ರೀ ಅಮ್ಮಾರ ಪೆಟ್ಟಿಗಿ ಕಟ್ಟೀರಂತ? ಅಷ್ಟು ಸಣ್ಣ ಕೂಸನ್ನ ಇವರ ಕೈಯಾಗ ಕೊಟ್ಟು ಹೆಂಗ ಹೋಗ್ತೀರಿ?"

ನಗು ನಿಂತಿತು. ಆ ಮೂವರಿಗೆ ಪೆಟ್ಟಿಗೆಯ ವಿಷಯ ಗೊತ್ತಿರಲಿಲ್ಲ. ಗಿರಣಿಯವನು ಎದ್ದು ಒಳಕೋಣೆಯ ಬಾಗಿಲಲ್ಲಿ ಇಣುಕಿ ನೋಡಿದ. ವಾಪಸು ಬಂದು, ಈ ಸಲ ಮಾಸ್ತರರ ಪಕ್ಕದಲ್ಲೇ ಕುಳಿತ. ಮಾಸ್ತರರು ಯಾರ ಮುಖವನ್ನೂ ನೋಡದೆ, "ಕೂಸು ಐತಿ. ಅಷ್ಟು ಬಿಗಿ ಬ್ಯಾಡ. ನಡುವ ಡಿಕ್ಲೇರ್ ಮಾಡ್ಲಿ, ಪರವಾಗಿಲ್ಲ" ಎಂದರು. ಗಿರಣಿಯವನು, "ಬ್ಯಾಡ್ರೀ ಸರ, ನೀವಂದಂಗ ಮ್ಯಾಲ ಇರ್ಲಿ" ಎಂದ. ಅದರ ಮೇಲೆ ಇಬ್ಬರಿಗೂ ಹೊಸದಾಗಿ ಜಗಳ ಹತ್ತಿತು.

ಯಜಮಾನರು ಕೈಯೆತ್ತಿ ಸುಮ್ಮನಿರಿಸಿ ತೀರ್ಪು ಹೇಳಿದರು: ಅಮ್ಮಾರು ಎಲ್ಲಿಗೂ ಹೋಗುವಂತಿಲ್ಲ. ಮೂವರೂ ತಪ್ಪದೆ ಐತ್ವಾರಕ್ಕೊಮ್ಮೆ ಬಂದು ಕೂಸನ್ನು ನೋಡಿಕೊಂಡು ಹೋಗಬೇಕು. ನಾನು ಒಳಗೆ ಹೋಗಿ ಅವಲಕ್ಕಿ ನೆನೆಹಾಕಿದೆ. ಕಣ್ಣೊರೆಸಿಕೊಳ್ಳಲೂ ಅದು ಅನುಕೂಲವಾಯಿತು.

ಚಪ್ಪಲಿ ಮೆಟ್ಟುವಾಗ ಯಜಮಾನರು ಮಸ್ಕಿಯವಳನ್ನು ಕೇಳಿದರು: "ಕೂಸು ಮಾತಾಡತೈತೇನವಾ?"

"ಮಾತಾಡತೈತ್ರೀ ಅಜ್ಜಾರ. ಆದ್ರ ಬಾಯಿ ತೆರದ್ರ ಬರೇ ನಮ್ಮ ತಪ್ಪ ಹೇಳ್ತೈತಿ."

ನನ್ನ ಕ್ಲಾಸಿನಲ್ಲಿ ಯಜಮಾನರ ಮಗ ಓದುತ್ತಿದ್ದಾಗ ಅವನ ತಪ್ಪು ಹೇಳಲೆಂದು ಅವರನ್ನು ಎಷ್ಟು ಸಲ ಕಾಲೇಜಿಗೆ ಕರೆಸಿದ್ದೆನೋ ನನಗೆ ನೆನಪಿಲ್ಲ. ಅವರಿಗಿತ್ತು.

"ಹಂಗಾದ್ರ ಥೇಟ್ ಅಮ್ಮಾರನ್ನ ಹೋಲತೈತಿ ಬಿಡು" ಎಂದು ಹೊರಟುಹೋದರು.