ರಾಗಿ ಹಿಟ್ಟಿನ ಜಾಯಿಂಟು

ನಮ್ಮ ಹುಣಸೂರಿನ ಬೀದಿಗೆ ನಲ್ಲಿ ನೀರು ಬಂದ ಹೊಸತು. ಇಡೀ ಬೀದಿಯಲ್ಲಿ ಹಿತ್ತಲಿಗೇ ನಲ್ಲಿ ಹಾಕಿಸಿಕೊಂಡ ಮೊದಲ ಗೃಹಸ್ಥ ಯಾರು? ಈ ನಾನು! ಹಾಕಿಸಿಕೊಂಡದ್ದಲ್ಲ, ಸ್ವತಃ ಹಾಕಿದ್ದು. ಜವಳಿ ಅಂಗಡಿಯಲ್ಲಿ ಗಜಗಟ್ಟಲೆ ಬಟ್ಟೆ ಹರಿದ ಈ ಕೈಗೆ ಎರಡು ಪೈಪು ಜೋಡಿಸುವುದು ಒಂದು ಕೆಲಸವೇ?

ಆತುರಕ್ಕೆ ಕಾರಣವಿತ್ತು. ನನ್ನ ಹೆಂಡತಿ ಗಿರಿಜೆಯ ಅಕ್ಕ ಪಿರಿಯಾಪಟ್ಟಣದಿಂದ ಬರುವವರಿದ್ದರು. ಅವರ ಹಿತ್ತಲಲ್ಲಿ ಬಾವಿ ಇದೆ. ಬಂದಾಗಲೆಲ್ಲ "ಪಾಪ, ನಮ್ ಗಿರಿಜ ಬೀದೀಲಿ ನೀರು ಹೊರೋ ಹಂಗಾಯ್ತಲ್ಲ" ಎಂದು ಲೊಚಗುಟ್ಟುತ್ತಿದ್ದರು. ಗಿರಿಜೆಗೆ ಅದನ್ನು ಕೇಳಿ ಕೇಳಿ ಸಾಕಾಗಿತ್ತು.

"ರೀ, ಶುಕ್ರವಾರ ಗಂಗೆಪೂಜೆಗೆ ಬೀದಿಯೋರ್ನೆಲ್ಲ ಕರ್ದಿದೀನಿ. ಅಕ್ಕನ ಎದುರಿಗೆ ನಲ್ಲೀಲಿ ನೀರು ಬರ್ಲೇಬೇಕು. ನನ್ ಮಾನ ನಿಮ್ ಕೈಲದೆ."

"ಬುಡು, ಬತ್ತದೆ!" ಎಂದೆ.

ಕಬ್ಬಿಣದ ಅಂಗಡಿಯವನು, "ತಿರುಪಿನ ಮೇಲೆ ಸೆಣಬಿನ ನಾರು ಸುತ್ತಿ, ಎಣ್ಣೆಬಣ್ಣ ಮೆತ್ತಿ ಬಿಗೀರಿ. ಇಲ್ದಿದ್ರೆ ಸೋರ್ತದೆ ಕಣ್ರೀ" ಎಂದಿದ್ದ. ನಾರೇನೋ ಸರಿ, ಗೋಣಿಚೀಲದಿಂದ ಕಿತ್ತುಕೊಂಡೆ. ಬಣ್ಣ ಯಾಕೆ? ನಮ್ಮವ್ವ ಗಡಿಗೆಯ ಬಾಯಿಗೆ ರಾಗಿ ಹಿಟ್ಟು ಮೆತ್ತಿ ಕಡುಬು ಬೇಯಿಸಿದರೆ ಎಳ್ಳಷ್ಟು ಹಬೆಯೂ ಆಚೆ ಬರುತ್ತಿರಲಿಲ್ಲ. ಹಬೆಯನ್ನೇ ತಡೆದ ರಾಗಿಗೆ ನೀರು ಯಾವ ಲೆಕ್ಕ! ಗಟ್ಟಿಯಾಗಿ ಕಲಸಿ, ನಲ್ಲಿಯ ಬಳಿ ಒಂದು, ಗೋಡೆಯ ಬಳಿ ಒಂದು, ಎರಡು ಜಾಯಿಂಟಿಗೂ ಧಾರಾಳವಾಗಿ ಮೆತ್ತಿ ತಿರುಗಿಸಿದೆ. ಬಿಸಿಲಿಗೆ ಒಣಗಿ ಕಲ್ಲಾಯಿತು.

ನಾನು ಮೆತ್ತುತ್ತಿದ್ದಾಗಲೇ ಪಕ್ಕದ ಮನೆಯ ಕೆಂಪಮ್ಮನವರು ಬೇಲಿಯಾಚೆಯಿಂದ ಇಣುಕಿ, "ಇದೇನ್ ಸ್ವಾಮಿ, ಪೈಪ್‌ಗೆ ಊಟ ಇಕ್ತಿದೀರಾ?" ಎಂದರು. ತಿಳಿಯದವರೊಡನೆ ವಾದಕ್ಕಿಳಿಯುವುದು ನನ್ನ ಘನತೆಗೆ ತಕ್ಕದ್ದಲ್ಲ.

ಶುಕ್ರವಾರ ನಲ್ಲಿಗೆ ಅರಿಶಿನ, ಕುಂಕುಮ, ಮಲ್ಲಿಗೆ. ಗಿರಿಜೆಯ ಮುಖದಲ್ಲಿ ಆ ದಿನ ಇದ್ದ ಕಳೆ ನಮ್ಮ ಮದುವೆಯಲ್ಲೂ ಇರಲಿಲ್ಲ. ನಾನು ಬೀದಿಯಲ್ಲಿದ್ದ ನಮ್ಮ ಪೈಪಿನ ವಾಲ್ವು ತೆರೆದು ಬಂದು, ಮಂತ್ರಿಗಳ ಗತ್ತಿನಲ್ಲಿ ನಲ್ಲಿ ತಿರುಗಿಸಿದೆ.

ಬಂತು! ಅಂಬಲಿ!

ಬೆಳ್ಳಿ ತಂಬಿಗೆಗೆ ಒಂದು ಗುಟುಕು ರಾಗಿ ಅಂಬಲಿ ಬಿಟ್ಟ ನಲ್ಲಿ, ಗೊರಗೊರ ಎಂದು ಬಾಯಿ ಮುಚ್ಚಿಕೊಂಡಿತು. ಒಳಗೆ ಹಿಟ್ಟಿನ ಉಂಡೆ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ನಲ್ಲಿಯ ಪಕ್ಕದ ಜಾಯಿಂಟು ತೊಟ್ಟಿಕ್ಕಿತು. ನಲ್ಲಿಯನ್ನು ಒಂದು ಕೈಯಲ್ಲಿ ಅದುಮಿ ಹಿಡಿದು, ಇಕ್ಕಳದಿಂದ ಪೈಪನ್ನೇ ತಿರುಗಿಸಿ ಬಿಗಿದೆ. ಹಾಗೆ ಈ ತುದಿ ಬಿಗಿದರೆ ಆ ತುದಿ ಸಡಿಲವಾಗುತ್ತದೆಂದು ಯಾರಿಗೆ ಗೊತ್ತು! ಗೋಡೆಯ ಬಳಿಯ ಜಾಯಿಂಟು ಭುಸ್ಸೆಂದು ಬಿಚ್ಚಿಕೊಂಡು, ನೇರ ಅಕ್ಕನವರ ಇಳಕಲ್ ಸೀರೆಗೆ ಅಭಿಷೇಕ ಮಾಡಿತು. ಅಂಗವಸ್ತ್ರ ಸುತ್ತಿದೆ. ಹಾರಿಹೋಯಿತು. ಕೊನೆಗೆ ಎರಡೂ ಕೈಯಲ್ಲಿ ಪೈಪು ತಬ್ಬಿಕೊಂಡು ಕುಳಿತೆ.

ಗಿರಿಜೆಯ ಕಣ್ಣು ತುಂಬಿತ್ತು.

ಅಕ್ಕ ಒದ್ದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಡ ತಂದು ನನ್ನ ಬೆರಳಿನ ಸಂದಿಗೆ ಹಿಡಿದರು. "ನಮ್ ಬಾವೀಲಿ ಸೇದ್ಬೇಕು ಕಣೆ ಗಿರಿಜ. ನಿಮ್ಮನೇಲಿ ನೀರೇ ಬಂದು ಮೈಮೇಲೆ ಬೀಳ್ತದಲ್ಲೇ! ಪುಣ್ಯ ಮಾಡಿದೀಯ ಬುಡು!"

ಹೆಂಗಸರೆಲ್ಲ ಗೊಳ್ಳೆಂದರು. ಗಿರಿಜೆಗೂ ನಗು ತಡೆಯಲಾಗಲಿಲ್ಲ. ಹೂವನ್ನು ನಲ್ಲಿಯಿಂದ ತೆಗೆದು ಜಾಯಿಂಟಿಗೆ ಮುಡಿಸಿದಳು. ಕುಂಕುಮವನ್ನು ನನ್ನ ಹಣೆಗಿಟ್ಟು, "ಹಂಗೇ ಹಿಡ್ಕೊಂಡಿರಿ, ಎಲ್ರೂ ತುಂಬ್ಕೊಳ್ಳಿ" ಎಂದಳು.

ಕೊಡಗಳು ಒಂದೊಂದಾಗಿ ತುಂಬಿದವು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ನನ್ನ ಎದೆ ಉಬ್ಬಿತ್ತು. ಇಡೀ ಬೀದಿಗೆ ಕೈಯಾರೆ ನೀರು ಕೊಟ್ಟವರು ನನಗಿಂತ ಮೊದಲು ಯಾರಿದ್ದರು ಹೇಳಿ!

ಆಗ ಕೆಂಪಮ್ಮನವರು ಬೀದಿಗೆ ಹೋಗಿ ಬಂದರು.

"ವಾಲ್ವು ಮುಚ್ಬುಟ್ಟೆ ಸ್ವಾಮಿ. ಇನ್ ಕೈ ಬುಡಿ."